ನಿಂತ ಬಂಡಿ ಕಲಿಸುವ ಪಾಠ

ತೇರಿನ ದಿನ ಹಗ್ಗಕ್ಕೆ ಕೈಹಚ್ಚುವವರು ಸಾವಿರಾರು ಮಂದಿ. ಆ ತೇರಿನ ಅಚ್ಚು ಸವೆದಿದೆಯೇ, ಗಾಲಿಯ ಪಟ್ಟಿ ಸಡಿಲವಾಗಿದೆಯೇ ಎಂದು ತಿಂಗಳ ಮೊದಲೇ ಬಗ್ಗಿ ನೋಡುವವರು ಇಬ್ಬರೋ ಮೂವರೋ. ತೇರು ಸಾಗಿದರೆ ದೇವರ ಮಹಿಮೆ, ನಡುಬೀದಿಯಲ್ಲಿ ನಿಂತರೆ ಬಡಗಿಯ ತಪ್ಪು. ಲೋಕದ ರೀತಿಯೇ ಹೀಗೆ. ಓಟವನ್ನು ಎಲ್ಲರೂ ಕಾಣುತ್ತಾರೆ. ಓಟಕ್ಕೆ ಮುಂಚಿನ ಕಾಯುವಿಕೆಯನ್ನು ಕಾಣುವವರು ವಿರಳ. ಈ ತಿಂಗಳು ನಾವು ವಾಚಕರೊಡನೆ ಮಾತನಾಡಬೇಕೆಂದಿರುವುದು ಅಂತಹ ಒಂದು ಕಾಯುವಿಕೆಯನ್ನು ಕುರಿತು; ಹವ್ಯಾಸಕ್ಕಾಗಿ ತಮ್ಮ ಕೈಯಿಂದಲೇ ಓಟದ ಕಾರನ್ನು ಕಟ್ಟಿ ಓಡಿಸುವವರ ಪಾಡನ್ನು ಕುರಿತು.

ಹಳ್ಳಿಗರಾದ ನಮಗೂ ಓಟದ ಕಾರಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಸಂಬಂಧವಿದೆ. 1979ರಲ್ಲಿ ಹೊಸ ಜಿಲ್ಲೆಯಾಗುವವರೆಗೆ ನಮ್ಮ ತಾಳವಾಡಿ ಸೀಮೆಯೂ ಕೊಯಮುತ್ತೂರು ಜಿಲ್ಲೆಗೇ ಸೇರಿತ್ತು. ಇಂದಿಗೂ ನಮ್ಮ ಮಕ್ಕಳು ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು, ಸತ್ಯಮಂಗಲವನ್ನು ದಾಟಿ, ಆ ಊರಿನ ಎಂಜಿನಿಯರಿಂಗ್ ಕಾಲೇಜುಗಳಿಗೆ ಹೋಗುತ್ತಾರೆ. ಅಲ್ಲಿ ವಿದ್ಯಾರ್ಥಿಗಳ ತಂಡಗಳು ವರ್ಷವಿಡೀ ದುಡಿದು ಒಂಟಿ ಆಸನದ ಪುಟ್ಟ ಕಾರುಗಳನ್ನು ಕಟ್ಟುತ್ತವೆ. ಆದುದರಿಂದ ಈ ವಿಷಯ ನಮ್ಮ ಮನೆಗಳ ಹೊಸ್ತಿಲನ್ನೇ ದಾಟಿ ಒಳಗೆ ಬಂದಿದೆ.

ಕಾರು ಕಟ್ಟುವುದು ಮನೆ ಕಟ್ಟಿದಂತಲ್ಲ. ಮನೆಗೆ ಬಾಗಿಲು ಬರುವುದು ತಡವಾದರೆ ಗೋಣಿತಟ್ಟು ಕಟ್ಟಿಯಾದರೂ ವಾಸ ಮಾಡಬಹುದು. ಕಾರಿನಲ್ಲಾದರೋ ಒಂದು ಅಂಗ ಮತ್ತೊಂದಕ್ಕಾಗಿ ಕಾಯುತ್ತದೆ. ಗಾಲಿಯ ನಡುವಿನ ಹಬ್ಬು ಲೇತಿನ ಅಂಗಡಿಯಿಂದ ಬರುವವರೆಗೆ ಗಾಲಿ ಕೂರದು. ಗಾಲಿ ಕೂರದೆ ಬ್ರೇಕನ್ನು ಪರೀಕ್ಷಿಸಲಾಗದು. ಬ್ರೇಕು ಹಿಡಿಯುವುದೆಂಬ ನಂಬಿಕೆಯಿಲ್ಲದೆ ಬಂಡಿಯನ್ನು ಓಡಿಸಲಾಗದು. ಓಡಿಸದೆ ಎಂಜಿನಿನ ಗುಣದೋಷ ತಿಳಿಯದು. ಹೀಗೆ ಲೇತಿನ ಅಂಗಡಿಯಲ್ಲಿ ಆದ ಒಂದು ವಾರದ ತಡ ಸರಪಳಿಯ ಕೊನೆಗೆ ಬರುವಷ್ಟರಲ್ಲಿ ಒಂದು ತಿಂಗಳಾಗಿ ಬೆಳೆದಿರುತ್ತದೆ. ಇನ್ನು ಕಾರ್ಖಾನೆಯ ಕಾರಿಗಾದರೆ ಹೆಸರು ಹೇಳಿದೊಡನೆ ಬಿಡಿಭಾಗ ಸಿಕ್ಕೀತು. ಸ್ವಂತ ಕಟ್ಟಿದ ಕಾರಿನ ಭಾಗಕ್ಕೆ ಹೆಸರೇ ಇರುವುದಿಲ್ಲ. ನಟ್ಟು ಇಂಚಿನ ಅಳತೆಯದು, ಬೋಲ್ಟು ಮಿಲಿಮೀಟರಿನದು ಎಂಬುದು ತಿಳಿಯುವುದು ರಾತ್ರಿ ಹನ್ನೊಂದಕ್ಕೆ, ಅಂಗಡಿಗಳು ಮುಚ್ಚಿದ ಮೇಲೆ! ಕಟ್ಟುವವನಿಗೆ ಇದಕ್ಕಿಂತ ದೊಡ್ಡ ಕಿರಿಕಿರಿಯಿಲ್ಲ.

ಆದರೆ ಈ ಕಿರಿಕಿರಿಯನ್ನು ಸಹಿಸಿದವರು ಏನಾದರೆಂಬುದನ್ನೂ ನೋಡಬೇಕು. ನ್ಯೂಜಿಲೆಂಡಿನ ಆಕ್ಲೆಂಡ್ ನಗರದಲ್ಲಿ 1937ರಲ್ಲಿ ಬ್ರೂಸ್ ಮೆಕ್ಲಾರೆನ್ ಎಂಬ ಹುಡುಗ ಜನಿಸಿದ. ಒಂಬತ್ತರ ವಯಸ್ಸಿನಲ್ಲಿ ಅವನ ಸೊಂಟದ ಕೀಲಿಗೆ ರೋಗ ತಗುಲಿತು. ಓಡಾಡಬೇಕಾದ ವಯಸ್ಸಿನಲ್ಲಿ ಆ ಬಾಲಕ ಚಿಕಿತ್ಸಾಲಯದ ಹಾಸಿಗೆಗೆ ಕಟ್ಟುಬಿದ್ದು ವರ್ಷಗಟ್ಟಲೆ ಮಲಗಿರಬೇಕಾಯಿತು. ಎದ್ದಾಗ ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿತ್ತು. ಅವನ ತಂದೆ ಪೆಟ್ರೋಲು ಮಾರುವ, ಬಂಡಿ ರಿಪೇರಿ ಮಾಡುವ ಅಂಗಡಿಯನ್ನು ಇಟ್ಟಿದ್ದವರು. ಅವರು ಬಿಡಿಬಿಡಿಯಾಗಿ ಬಿಚ್ಚಿಹೋಗಿದ್ದ ಹಳೆಯ ಆಸ್ಟಿನ್ ಸೆವೆನ್ ಕಾರೊಂದನ್ನು ಕೊಂಡು ತಂದರು. 747 ಸಿ.ಸಿ.ಯ ಪುಟ್ಟ ಎಂಜಿನಿನ ಬಂಡಿ ಅದು. ತಂದೆಮಕ್ಕಳು ಸೇರಿ ಅದನ್ನು ಜೋಡಿಸಿ ಓಡುವಂತೆ ಮಾಡಲು ಒಂದು ವರ್ಷಕ್ಕೂ ಮಿಕ್ಕಿ ಹಿಡಿಯಿತು. ಆ ಬಂಡಿಯಲ್ಲೇ ಆ ಹುಡುಗ 1952ರಲ್ಲಿ ತನ್ನ ಮೊದಲ ಸ್ಪರ್ಧೆಗೆ ಇಳಿದ. ಮಲಗಿ ಕಾಯುವುದನ್ನು ಕಲಿತಿದ್ದವನಿಗೆ ಒಂದು ಬೋಲ್ಟಿಗಾಗಿ ಕಾಯುವುದು ದೊಡ್ಡದಾಗಿ ತೋರಿರಲಾರದು.

1959ರ ಡಿಸೆಂಬರಿನಲ್ಲಿ, ಅಮೆರಿಕದ ಸೆಬ್ರಿಂಗಿನಲ್ಲಿ, ಅದೇ ಮೆಕ್ಲಾರೆನ್ ತನ್ನ 22ನೆಯ ವಯಸ್ಸಿನಲ್ಲಿ ಗ್ರಾಂಡ್ ಪ್ರಿ ಪಂದ್ಯವೊಂದನ್ನು ಗೆದ್ದ. ಆ ಗೆಲುವಿನ ಕಥೆಯೂ ಒಂದು ವಿಘ್ನದ ಕಥೆಯೇ. ಮುಂದೆ ಓಡುತ್ತಿದ್ದವನು ಅವನ ತಂಡದವನೇ ಆದ ಆಸ್ಟ್ರೇಲಿಯದ ಜಾಕ್ ಬ್ರಾಭಮ್. ಕೊನೆಯ ಸುತ್ತಿನಲ್ಲಿ ಬ್ರಾಭಮನ ಪೆಟ್ರೋಲು ಮುಗಿಯಿತು. ಆತ ಕೈಚೆಲ್ಲಿ ಕೂರಲಿಲ್ಲ. ಇಳಿದು, ತನ್ನ ಕಾರನ್ನು ತಾನೇ ತಳ್ಳಿಕೊಂಡು ಮುಕ್ತಾಯದ ಗೆರೆಯನ್ನು ದಾಟಿ, ಅಲ್ಲಿಯೇ ಕುಸಿದ. ನಾಲ್ಕನೆಯವನಾದ, ಆದರೆ ಆ ವರ್ಷದ ವಿಶ್ವವಿಜೇತ ಪದವಿ ಅವನದಾಯಿತು. ಕೆಟ್ಟು ನಿಂತ ಬಸ್ಸನ್ನು ತಳ್ಳಿದ ಅನುಭವ ನಮ್ಮಲ್ಲಿ ಯಾರಿಗೆ ಇಲ್ಲ? ಬಂಡಿಯನ್ನು ತಳ್ಳುವುದು ನಾಚಿಕೆಯಲ್ಲವೆಂದು ವಿಶ್ವವಿಜೇತನೇ ತೋರಿಸಿಕೊಟ್ಟಿದ್ದಾನೆ.

ಮೆಕ್ಲಾರೆನ್ ತನ್ನದೇ ಹೆಸರಿನ ಕಾರನ್ನು 1966ರಲ್ಲಿ ಮೊನಾಕೊ ಪಂದ್ಯಕ್ಕೆ ಮೊದಲ ಬಾರಿ ಇಳಿಸಿದಾಗ ಎಣ್ಣೆ ಸೋರಿ ಬಂಡಿ ಅರ್ಧದಲ್ಲೇ ನಿಂತಿತು. ಸ್ವಂತ ಕಾರಿನಲ್ಲಿ ಗ್ರಾಂಡ್ ಪ್ರಿ ಗೆಲ್ಲಲು 1968ರವರೆಗೆ ಕಾಯಬೇಕಾಯಿತು. 1970ರಲ್ಲಿ ಇಂಗ್ಲೆಂಡಿನ ಗುಡ್‌ವುಡ್‌ನಲ್ಲಿ ಹೊಸ ಕಾರನ್ನು ಪರೀಕ್ಷಿಸುತ್ತಿದ್ದಾಗ, ಹೊದಿಕೆಯ ಒಂದು ಭಾಗ ವೇಗದಲ್ಲಿ ಕಳಚಿಕೊಂಡು, ಆತ 32ನೆಯ ವಯಸ್ಸಿನಲ್ಲೇ ಮಡಿದ. ಈ ದುಃಖದ ಸಂಗತಿಯನ್ನು ಬೇಕೆಂದೇ ಹೇಳುತ್ತಿದ್ದೇವೆ. ನಿಂತ ಬಂಡಿಯಿಂದ ಹೋಗುವುದು ಹೊತ್ತು. ಕಳಚಿದ ಬಂಡಿಯಿಂದ ಹೋಗುವುದು ಪ್ರಾಣ.

ತಾಳ್ಮೆಗೆ ಮತ್ತೊಂದು ಉದಾಹರಣೆಯೂ ಅದೇ ದೇಶದ್ದು. ಬಂಡಿ ಮಾತ್ರ ಎರಡು ಗಾಲಿಯದು. ಇನ್ವರ್ಕಾರ್ಗಿಲ್ ಊರಿನ ಬರ್ಟ್ ಮನ್ರೊ 1920ರಲ್ಲಿ ಒಂದು ಇಂಡಿಯನ್ ಸ್ಕೌಟ್ ಮೋಟಾರು ಸೈಕಲನ್ನು ಕೊಂಡ. ಅದರ ಮೂಲ ವೇಗ ಗಂಟೆಗೆ ಸುಮಾರು 55 ಮೈಲಿ. ಆ ಒಂದೇ ಬಂಡಿಯನ್ನು ಆತ ದಶಕಗಳ ಕಾಲ ತಿದ್ದುತ್ತ ಹೋದ. ಹಳೆಯ ಡಬ್ಬಗಳನ್ನು ಅಚ್ಚಾಗಿಟ್ಟು ಪಿಸ್ಟನ್‌ಗಳನ್ನು ತಾನೇ ಎರಕ ಹೊಯ್ದ. ಅವು ಒಡೆದವು, ಮತ್ತೆ ಹೊಯ್ದ. ಒಡೆದುದನ್ನು ಎಸೆಯಲಿಲ್ಲ. ತನ್ನ ಕೊಟ್ಟಿಗೆಯ ಗೂಡಿನಲ್ಲಿ ಸಾಲಾಗಿ ಇರಿಸಿ, ವೇಗದ ದೇವರಿಗೆ ಅರ್ಪಿಸಿದ ಕಾಣಿಕೆಗಳೆಂದು ಬರೆದಿಟ್ಟ. 1967ರಲ್ಲಿ, 68ನೆಯ ವಯಸ್ಸಿನಲ್ಲಿ, ಅಮೆರಿಕದ ಬಾನ್ವಿಲ್ ಉಪ್ಪಿನ ಬಯಲಿನಲ್ಲಿ ಗಂಟೆಗೆ 183.59 ಮೈಲಿಯ ದಾಖಲೆಯನ್ನು ಸ್ಥಾಪಿಸಿದ. ಇಲ್ಲಿಗೆ ಕಥೆ ಮುಗಿಯಲಿಲ್ಲ. ಆತ 1978ರಲ್ಲಿ ತೀರಿಕೊಂಡ ಎಷ್ಟೋ ಕಾಲದ ಮೇಲೆ, ಅಂದಿನ ಲೆಕ್ಕದಲ್ಲಿ ತಪ್ಪಿರುವುದನ್ನು ಅವನ ಮಗ ಕಂಡುಹಿಡಿದ. 2014ರಲ್ಲಿ ಆ ದಾಖಲೆಯನ್ನು 184.087 ಮೈಲಿ, ಎಂದರೆ ಸುಮಾರು 296 ಕಿಲೋಮೀಟರು, ಎಂದು ತಿದ್ದಲಾಯಿತು. ನಲವತ್ತೇಳು ವರ್ಷ ತಡವಾಗಿ ಬಂದ ಅಂಕ! ಲೆಕ್ಕವನ್ನು ಮತ್ತೊಮ್ಮೆ ತಾಳೆ ನೋಡಬೇಕೆಂದು ಮಕ್ಕಳಿಗೆ ಹೇಳುವಾಗ ನಮಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ದೊರಕದು.

ನಮ್ಮ ದಕ್ಷಿಣ ದೇಶದಲ್ಲೂ ಇಂತಹವರಿದ್ದರು. ಮದರಾಸಿನ ಉತ್ತರಕ್ಕಿರುವ ಶೋಲಾವರಂನಲ್ಲಿ ಎರಡನೆಯ ಮಹಾಯುದ್ಧದ ಕಾಲದ ವಿಮಾನದ ಓಡುಹಾದಿಯೇ ಬಹುಕಾಲ ಪಂದ್ಯದ ಕಣವಾಗಿತ್ತು. ವಿದೇಶದ ಭಾಗಗಳು ದುರ್ಲಭವಾಗಿದ್ದ ಆ ದಿನಗಳಲ್ಲಿ ಫಿಯಟ್, ಹೆರಾಲ್ಡ್ ಕಾರುಗಳನ್ನೇ ತಿದ್ದಿ ಓಡಿಸುತ್ತಿದ್ದರು. ಕೊಯಮುತ್ತೂರಿನ ಎಸ್. ಕರಿವರ್ಧನರು, ಇಲ್ಲದುದಕ್ಕಾಗಿ ಕಾಯುವ ಬದಲು ಇರುವುದರಿಂದ ಕಟ್ಟಬೇಕೆಂದು ಹೊರಟು, ಮಾರುತಿ 800ರ ಎಂಜಿನನ್ನೇ ಬಳಸಿ, 1988ರಲ್ಲಿ ಫಾರ್ಮುಲಾ ಮಾರುತಿ ಎಂಬ ಒಂಟಿ ಆಸನದ ಓಟದ ಕಾರುಗಳನ್ನು ಬಳಕೆಗೆ ತಂದರು. ಸಾಮಾನ್ಯರಿಗೂ ಎಟುಕುವ ಕಾರು ಅದು. 2005ರಲ್ಲಿ ಫಾರ್ಮುಲಾ ಒನ್ ಪಂದ್ಯಕ್ಕಿಳಿದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ಕೂಡ ಆರಂಭದಲ್ಲಿ ಓಡಿಸಿದ್ದು ಆ ಬಗೆಯ ಕಾರುಗಳನ್ನೇ. ಕರಿವರ್ಧನರು 1995ರಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡರು. ಕೊಯಮುತ್ತೂರಿನ ಹತ್ತಿರದ ಚೆಟ್ಟಿಪಾಳಯದಲ್ಲಿರುವ ಓಟದ ಹಾದಿಗೆ ಅವರದೇ ಹೆಸರು.

ಆ ಹಾದಿಯಲ್ಲಿ ‘ಫಾರ್ಮುಲಾ ಭಾರತ್’ ಎಂಬ ವಿದ್ಯಾರ್ಥಿಗಳ ಸ್ಪರ್ಧೆ ನಡೆಯುತ್ತದೆ. 1981ರಲ್ಲಿ ಅಮೆರಿಕದಲ್ಲಿ ಆರಂಭವಾದ ಪದ್ಧತಿ ಇದು. ಕಾರನ್ನು ತಂದೊಡನೆ ಓಡಿಸುವಂತಿಲ್ಲ. ಪರೀಕ್ಷಕರು ಮೊದಲು ಒಂದೊಂದು ಬೋಲ್ಟನ್ನೂ ನೋಡುತ್ತಾರೆ. ಬಂಡಿಯನ್ನು 60 ಡಿಗ್ರಿಯಷ್ಟು ವಾಲಿಸಿ ತೊಟ್ಟು ಎಣ್ಣೆಯೂ ಸೋರದೆಂದು ಖಚಿತಪಡಿಸಿಕೊಳ್ಳುತ್ತಾರೆ. ಬ್ರೇಕು ತುಳಿದರೆ ನಾಲ್ಕು ಗಾಲಿಗಳೂ ಕಚ್ಚಿ ನಿಲ್ಲಬೇಕು. ಚಾಲಕ ಐದು ಸೆಕೆಂಡಿನೊಳಗೆ ಹೊರಕ್ಕೆ ಬರಬೇಕು. ಒಂದರಲ್ಲಿ ತಪ್ಪಿದರೂ ತಿದ್ದಿಕೊಂಡು ಮತ್ತೆ ಸಾಲಿನಲ್ಲಿ ನಿಲ್ಲಬೇಕು. ಇವೆಲ್ಲವನ್ನೂ ದಾಟಿದ ಮೇಲೆ ಅತಿ ಹೆಚ್ಚು ಅಂಕಗಳುಳ್ಳ ಸುಮಾರು 22 ಕಿಲೋಮೀಟರಿನ ಸಹನೆಯ ಓಟ. ಅದರ ನಡುವೆ ಎಂಜಿನನ್ನು ಆರಿಸಿ ಚಾಲಕನನ್ನು ಬದಲಾಯಿಸಬೇಕು. ಓಡುವಾಗ ರೇಡಿಯೇಟರಿಗೆ ಗಾಳಿ ಸಿಗುತ್ತಿರುತ್ತದೆ. ನಿಂತೊಡನೆ ಗಾಳಿಯೂ ನಿಂತು, ಎಂಜಿನಿನ ಕಾವು ಸುತ್ತಲಿನ ಭಾಗಗಳಿಗೆಲ್ಲ ಹರಡುತ್ತದೆ. ಬ್ಯಾಟರಿಯಲ್ಲಿ ತ್ರಾಣ ಕುಂದಿದ್ದರೆ ಬಂಡಿ ಮತ್ತೆ ಹೊತ್ತಿಕೊಳ್ಳುವುದಿಲ್ಲ. ಎಷ್ಟೋ ತಂಡಗಳ ಒಂದು ವರ್ಷದ ದುಡಿಮೆ ಆ ಕೆಲವು ನಿಮಿಷಗಳಲ್ಲೇ ಮುಗಿದುಹೋಗುತ್ತದೆ.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನ ತಂಡಕ್ಕೂ ಹೀಗೆಯೇ ಆಯಿತು. ಒಂದು ಸಂಜೆ ಅವನ ತಂದೆ ನಮ್ಮಲ್ಲಿಗೆ ಬಂದರು. “ಮೇಷ್ಟ್ರೇ, ಅರಿಸಿನ ಮಾರಿದ ದುಡ್ಡಲ್ಲಿ ಅವನ ಪಾಲು ಕೊಟ್ಟೆ. ಬಂಡಿ ಅರ್ಧ ದಾರೀಲಿ ನಿಂತೋಯ್ತಂತೆ. ಇನ್ನೊಂದು ವರ್ಷ ಇದೇ ಕೆಲ್ಸ ಮಾಡ್ತೀನಿ ಅಂತಾನೆ. ದುಡ್ಡು ಕೊಡೋದಾ ಬ್ಯಾಡ್ವಾ, ನೀವೇ ಹೇಳಿ,” ಎಂದರು. ಅವರ ಮಾತಿನಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚಾಗಿತ್ತು. ಆ ವರ್ಷ ಅರಿಸಿನದ ಬೆಲೆಯೂ ಅವರ ಕೈ ಹಿಡಿದಿರಲಿಲ್ಲ. ಹುಡುಗನನ್ನು ಕರೆಸಿದೆವು. ಗೆದ್ದಿರಾ, ಸೋತಿರಾ ಎಂದು ಕೇಳಲಿಲ್ಲ. “ಏನು ಕೆಟ್ಟಿತು? ಏಕೆ ಕೆಟ್ಟಿತು?” ಎಂದಷ್ಟೇ ಕೇಳಿದೆವು.

ಹುಡುಗ ಚೀಲದಿಂದ ನೋಟುಪುಸ್ತಕವೊಂದನ್ನು ತೆಗೆದ. ಬ್ಯಾಟರಿಯಿಂದ ಚೌಕಟ್ಟಿಗೆ ಬಿಗಿದ ತಂತಿಯ ನಟ್ಟು ಎಂಜಿನಿನ ನಡುಕಕ್ಕೆ ಸಡಿಲವಾಗಿ, ಓಡುವಾಗ ಬ್ಯಾಟರಿಗೆ ವಿದ್ಯುತ್ತು ತುಂಬಿರಲಿಲ್ಲ. ಪರೀಕ್ಷಾ ಓಟಕ್ಕೆ ಹತ್ತು ದಿನ ಇಟ್ಟುಕೊಂಡಿದ್ದರು. ಭಾಗಗಳು ತಡವಾದ್ದರಿಂದ ಒಂದೇ ದಿನ ಉಳಿಯಿತು. ದೀರ್ಘವಾಗಿ ಓಡಿಸಿ ನೋಡಿದ್ದರೆ ಆ ನಟ್ಟು ಮೊದಲೇ ಸಿಕ್ಕಿಬೀಳುತ್ತಿತ್ತು. ಇದೆಲ್ಲವನ್ನೂ ಆತ ಚಿತ್ರಸಹಿತ ಬರೆದಿದ್ದ. ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಪಂಪ್‌ಸೆಟ್ಟಿನ ಬುಡದ ಬೋಲ್ಟೂ ಹಂಗೇ ಸಡ್ಲ ಆಗುತ್ತೆ ಕಣಪ್ಪಾ. ನಾನು ಎರಡು ನಟ್ಟು ಒಂದರ ಮೇಲೊಂದು ಹಾಕ್ತೀನಿ,” ಎಂದರು. ಹುಡುಗ ಅದನ್ನೂ ಪುಸ್ತಕದಲ್ಲಿ ಬರೆದುಕೊಂಡ. ಒಂದು ವರ್ಷದಿಂದ ಹಣದ ಮಾತನ್ನು ಬಿಟ್ಟು ಬೇರೆ ಮಾತನ್ನೇ ಆಡದಿದ್ದ ತಂದೆಮಕ್ಕಳು ಆ ಸಂಜೆ ಕತ್ತಲಾಗುವವರೆಗೂ ನಟ್ಟುಬೋಲ್ಟುಗಳ ವಿಷಯವಾಗಿಯೇ ಮಾತನಾಡಿದರು.

ಅವರಿಗೆ ಹೇಳಿದುದನ್ನೇ ವಾಚಕರಿಗೂ ಹೇಳುತ್ತೇವೆ. ಇನ್ನೊಂದು ವರ್ಷಕ್ಕೆ ಅವಕಾಶ ಕೊಡಿ. ಆದರೆ ಕಟ್ಟುಪಾಡಿಲ್ಲದೆ ಕೊಡಬೇಡಿ. ಕಾಲೇಜಿನ ಪರೀಕ್ಷೆ ಮೊದಲು, ಕಾರು ಆಮೇಲೆ. ಕೊಟ್ಟ ಹಣಕ್ಕೆ ಪೈಸೆಪೈಸೆಯ ಲೆಕ್ಕವಿರಲಿ. ಸಾಲ ಮಾಡಿ ಓಟದ ಬಂಡಿ ಕಟ್ಟುವುದು ಬೇಡವೇ ಬೇಡ. ವೇಗದ ಆಸೆ ಓಟದ ಹಾದಿಯೊಳಗೇ ಇರಲಿ. ಊರ ರಸ್ತೆ ಹಾಲಿನವರದು, ಶಾಲೆಯ ಮಕ್ಕಳದು, ದನಕರುಗಳದು. ಪರೀಕ್ಷಕರು ಬಂಡಿಯನ್ನು ತಡೆದರೆ ಅವರನ್ನು ಬಯ್ಯಬಾರದು; ತಡೆಯುವ ಆ ಕೈ ಪ್ರಾಣವನ್ನು ಕಾಯುವ ಕೈ. ಹೊರಗಿನಿಂದ ಬರುವ ತಡವನ್ನು ಮೊದಲೇ ಲೆಕ್ಕಕ್ಕೆ ಹಿಡಿದು, ಪಂದ್ಯಕ್ಕೆ ತಿಂಗಳ ಮುಂಚೆಯೇ ಬಂಡಿ ಸಿದ್ಧವಾಗುವಂತೆ ಹೊಂದಿಸಿಕೊಳ್ಳಬೇಕು. ಕೆಟ್ಟುದೆಲ್ಲವನ್ನೂ ಕಾರಣಸಹಿತ ಬರೆದಿಡಬೇಕು. ಒಂದು ವರ್ಷದ ಪುಸ್ತಕದಲ್ಲಿರುವ ತಪ್ಪು ಮರುವರ್ಷದ ಪುಸ್ತಕದಲ್ಲೂ ಕಾಣಿಸಿಕೊಂಡರೆ, ಆಗ ತಂದೆ ಕೈ ಬಿಗಿಹಿಡಿಯುವುದು ನ್ಯಾಯವೇ.

‘ನೋಡಿ ತಿಳಿ, ಮಾಡಿ ಕಲಿ’ ಎಂದು ಶಿಕ್ಷಕರ ತರಬೇತಿಯಲ್ಲಿ ನಮಗೆ ಹೇಳಿಕೊಟ್ಟರು. ಮಾಡುವವನಿಗೆ ತಡ ತಪ್ಪಿದ್ದಲ್ಲ, ಕೆಡುವುದೂ ತಪ್ಪಿದ್ದಲ್ಲ. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆ ಎಲ್ಲರಿಗೂ ಗೊತ್ತು. ಕೆಸರು ಇಂದು, ಮೊಸರು ನಾಳೆ. ಹಾಲು ಹೆಪ್ಪಾಗಲು ಒಂದು ರಾತ್ರಿಯಾದರೂ ಬೇಕೆಂಬುದನ್ನು ನಮ್ಮ ಹೆಣ್ಣುಮಕ್ಕಳು ಚೆನ್ನಾಗಿ ಬಲ್ಲರು. ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಕೈಯೆಲ್ಲ ಎಣ್ಣೆಮಸಿ ಮಾಡಿಕೊಂಡು, ಮುಖ ಬಾಡಿಸಿಕೊಂಡು ಮನೆಗೆ ಬಂದ ದಿನ, ಮೊದಲು ಊಟಕ್ಕೆ ಬಡಿಸಿ. ಆಮೇಲೆ ಪಕ್ಕದಲ್ಲಿ ಕುಳಿತು, ಏನು ಕೆಟ್ಟಿತು ಎಂದು ನಿಧಾನವಾಗಿ ಕೇಳಿ.