ಮೊದಲು ‘ಬೇಡ’ ಎನ್ನಲು ಕಲಿಸೋಣ

‘ಕೂತ್ಕೋ’, ‘ಸುಮ್ಮನಿರು’, ‘ಕೈ ಕೆಳಗಿಡು’, ‘ಇಲ್ಲಿ ನೋಡು’, ‘ಹೇಳಿದಷ್ಟು ಮಾಡು’. ಆಟಿಸಂ ಅಥವಾ ಬೌದ್ಧಿಕ ಬೆಳವಣಿಗೆಯ ತೊಂದರೆ ಇರುವ ಮಗುವಿನ ಕಿವಿಗೆ ಬೆಳಗಿನಿಂದ ರಾತ್ರಿಯವರೆಗೆ ಬೀಳುವ ಮಾತುಗಳಲ್ಲಿ ಹೆಚ್ಚಿನವು ಇಂಥವೇ. ಹೇಳಿದ ಮಾತನ್ನು ಮಗು ಎಷ್ಟು ಬೇಗ ಕೇಳಿತು ಎಂಬುದೇ ಮನೆಯಲ್ಲೂ ಶಾಲೆಯಲ್ಲೂ ಅದರ ಪ್ರಗತಿಯ ಅಳತೆಯಾಗಿಬಿಡುತ್ತದೆ. ಅದೇ ಮಗು ಒಂದು ದಿನ ಪುಸ್ತಕ ಎಸೆದಾಗ, ತನ್ನ ಕೈಯನ್ನೇ ಕಚ್ಚಿಕೊಂಡಾಗ, ಮದುವೆಮನೆಯ ಗದ್ದಲದಲ್ಲಿ ನೆಲಕ್ಕೆ ಬಿದ್ದು ಹೊರಳಾಡಿದಾಗ ನಮ್ಮ ಬಾಯಿಗೆ ಬರುವುದು ಒಂದೇ ಪದ: ಹಟ. ಹಾಗೆಂದು ಹೆಸರಿಟ್ಟ ಮೇಲೆ ಅದನ್ನು ಮುರಿಯುವುದೇ ದಾರಿ ಎನಿಸುತ್ತದೆ. ಈ ಕ್ರಮವನ್ನು ನಾವು ತಿರುವಿ ಹಾಕಬೇಕು. ಕೋಪವನ್ನು ಹಿಡಿತದಲ್ಲಿಟ್ಟುಕೊಳ್ಳಲು ಕಲಿಸುವುದು ಆಮೇಲಿನ ಮಾತು. ಅದಕ್ಕೂ ಮೊದಲು ‘ಬೇಡ’, ‘ಸಾಕು’, ‘ನೋವು’, ‘ಸಹಾಯ ಬೇಕು’ ಎಂಬ ನಾಲ್ಕು ಮಾತುಗಳು ಮಗುವಿಗೆ ದಕ್ಕಬೇಕು. ಅವು ಬಾಯಿಂದ ಬಂದರೂ ಸರಿ, ಕೈಸನ್ನೆಯಲ್ಲಿ ಬಂದರೂ ಸರಿ, ಚಿತ್ರದ ಕಾರ್ಡಿನಲ್ಲಿ ಬಂದರೂ ಸರಿ.

ಇದು ಬರೀ ಕನಿಕರದಿಂದ ಆಡುವ ಮಾತಲ್ಲ. 1985ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್, ಬೆಳವಣಿಗೆಯ ತೊಂದರೆಯಿದ್ದ ನಾಲ್ವರು ಮಕ್ಕಳ ಮೇಲೆ ನಡೆಸಿದ ಅಧ್ಯಯನವೊಂದನ್ನು ಪ್ರಕಟಿಸಿದರು. ಹೊಡೆಯುವುದು, ಕಿರುಚುವುದು, ತಮಗೇ ಗಾಯ ಮಾಡಿಕೊಳ್ಳುವುದನ್ನು ಈ ಮಕ್ಕಳು ಯಾವಾಗ ಮಾಡುತ್ತಾರೆಂದು ಅವರು ಮೊದಲು ಗಮನಿಸಿದರು. ಕೆಲವರಿಗೆ ಕೊಟ್ಟ ಪಾಠ ಕಷ್ಟವಾದಾಗ, ಕೆಲವರಿಗೆ ದೊಡ್ಡವರು ತಮ್ಮ ಕಡೆ ನೋಡದೇ ಇದ್ದಾಗ ಅದು ಹೆಚ್ಚುತ್ತಿತ್ತು. ಪಾಠ ಕಷ್ಟವಾದವರಿಗೆ ‘ಅರ್ಥವಾಗಲಿಲ್ಲ’ ಎಂದು ಹೇಳಲು, ಗಮನ ಬೇಕಾದವರಿಗೆ ‘ನಾನು ಚೆನ್ನಾಗಿ ಮಾಡ್ತಿದ್ದೀನಾ’ ಎಂದು ಕೇಳಲು ಕಲಿಸಿದರು. ಕಿರುಚಾಟ, ಹೊಡೆತ ತೀರಾ ತಗ್ಗಿದವು. ಆದರೆ ಮಾತನ್ನು ಅದಲು ಬದಲು ಮಾಡಿ, ಪಾಠ ಕಷ್ಟವಾದ ಮಗುವಿಗೆ ಹೊಗಳಿಕೆ ಕೇಳುವ ಮಾತನ್ನು ಕಲಿಸಿದಾಗ ಏನೂ ಉಪಯೋಗವಾಗಲಿಲ್ಲ. ಇಡೀ ಅಧ್ಯಯನದ ಸಾರ ಇಲ್ಲಿದೆ. ಮಗುವಿಗೆ ಯಾವುದೋ ಮಾತು ಬಂದರೆ ಸಾಲದು, ಆ ಗಳಿಗೆಯ ಸಂಕಟಕ್ಕೆ ಹೊಂದುವ ಮಾತು ಬರಬೇಕು. ಆದ್ದರಿಂದ ನಾವು ಕೇಳಬೇಕಾದ ಪ್ರಶ್ನೆ ‘ಇದನ್ನು ನಿಲ್ಲಿಸುವುದು ಹೇಗೆ’ ಎಂಬುದಕ್ಕಿಂತ ಮೊದಲು ‘ಇದರಿಂದ ಮಗು ಏನು ಹೇಳುತ್ತಿದೆ’ ಎಂಬುದು. ಹಲ್ಲುನೋವು, ಕಿವಿನೋವು, ಮಲಬದ್ಧತೆಗಳೂ ಎಷ್ಟೋ ಸಲ ಹಟದ ವೇಷದಲ್ಲೇ ಬರುತ್ತವೆ. ಬೈಯುವ ಮೊದಲು ಡಾಕ್ಟರಿಗೆ ತೋರಿಸಬೇಕಾದ ಸಂದರ್ಭಗಳೂ ಇರುತ್ತವೆ.

ಭಾವನೆಯನ್ನು ಹೇಳಿಕೊಳ್ಳುವುದಕ್ಕಿಂತ ಮೊದಲು ಅದು ತನ್ನೊಳಗೆ ಇದೆ ಎಂದು ಗುರುತಿಸಬೇಕು. ಆಟಿಸಂ ಇರುವ ಅನೇಕರಿಗೆ ಇದೇ ಕಷ್ಟ. ತನಗೆ ಏನಾಗುತ್ತಿದೆ ಎಂದು ಹೆಸರಿಸಲಾಗದ ಈ ಸ್ಥಿತಿಗೆ ಅಲೆಕ್ಸಿಥೈಮಿಯಾ ಎನ್ನುತ್ತಾರೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಆಟಿಸಂ ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಇದು ಇದೆ, ಉಳಿದವರಲ್ಲಿ ಶೇ 5ರಷ್ಟು ಮಂದಿಗೆ ಮಾತ್ರ. ಅಂಥ ಮಗುವಿನ ಮುಂದೆ ನಗುಮುಖ, ಅಳುಮುಖದ ಪಟ ಹಿಡಿದು ‘ಇದು ಸಂತೋಷ, ಇದು ದುಃಖ’ ಎಂದು ಗಿಳಿಪಾಠ ಒಪ್ಪಿಸಿದರೆ ಪಟ ಬಾಯಿಗೆ ಬರುತ್ತದೆ, ಒಳಗಿನ ತಳಮಳ ಹಾಗೆಯೇ ಉಳಿಯುತ್ತದೆ. ಮೈಯಿಂದ ಶುರುಮಾಡುವುದು ಒಳ್ಳೆಯ ದಾರಿ. ಇದಕ್ಕೆ ನಮ್ಮಲ್ಲಿ ಹಳೆಯ ಬುನಾದಿಯೇ ಇದೆ. ಭರತನ ನಾಟ್ಯಶಾಸ್ತ್ರ ಎಣಿಸುವ ಎಂಟು ಸಾತ್ವಿಕ ಭಾವಗಳೆಲ್ಲ ಮೈಯ ಮೇಲೆ ಕಾಣುವಂಥವು: ಬೆವರು, ನಡುಕ, ಕಣ್ಣೀರು, ನವಿರೇಳುವುದು, ದನಿ ಒಡೆಯುವುದು, ಬಣ್ಣಗೆಡುವುದು, ಮರಗಟ್ಟುವುದು, ಎಚ್ಚರ ತಪ್ಪುವುದು. ಕನ್ನಡದ ಆಡುಮಾತಂತೂ ಭಾವನೆಯನ್ನು ಮೈಯಲ್ಲೇ ಇಟ್ಟುಕೊಂಡಿದೆ. ‘ಎದೆ ಢವಢವ’, ‘ಕೈಕಾಲು ಗಡಗಡ’, ‘ಬಾಯಿ ಒಣಗ್ತಿದೆ’ ಎಂಬ ಮಾತುಗಳು ‘ಆತಂಕ’ ಎಂಬ ಪದಕ್ಕಿಂತ ಮಗುವಿಗೆ ಎಷ್ಟೋ ಹತ್ತಿರ. ಎದೆಯ ಮೇಲೆ ಕೈಯಿಟ್ಟು ಆ ಢವಢವವನ್ನು ಮುಟ್ಟಿ ನೋಡಬಹುದು. ‘ಹೊಟ್ಟೆ ಉರೀತಿದೆ’ ಎಂಬಂಥ ಮಾತಿನಲ್ಲಿ ಮಾತ್ರ ಎಚ್ಚರ ಬೇಕು, ಮಾತನ್ನು ಇದ್ದಂತೆಯೇ ಅರ್ಥಮಾಡಿಕೊಳ್ಳುವ ಮಗು ಅದನ್ನು ನಿಜವಾದ ಬೆಂಕಿ ಎಂದುಕೊಂಡೀತು. ಇದೆಲ್ಲವನ್ನೂ ಕಲಿಸಬೇಕಾದ್ದು ಮಗು ನೆಮ್ಮದಿಯಾಗಿ ಇದ್ದಾಗ. ಬಿರುಗಾಳಿ ಎದ್ದಾಗ ಪಾಠ ನಡೆಯುವುದಿಲ್ಲ. ಆಗ ಬೇಕಾದ್ದು ಕಡಿಮೆ ಮಾತು, ಕಡಿಮೆ ಸದ್ದು, ಹತ್ತಿರ ಸುಮ್ಮನೆ ಕೂತ ಒಬ್ಬರು.

ಚಿತ್ರದ ಕಾರ್ಡಿಗೆ ಒಗ್ಗಿಹೋದರೆ ಮಗು ಮಾತನ್ನೇ ಕಲಿಯದೇ ಹೋದೀತು ಎಂಬ ಭಯ ಅಪ್ಪ ಅಮ್ಮಂದಿರಲ್ಲಿ ಬಲವಾಗಿದೆ. ಎಂದಾದರೊಂದು ದಿನ ‘ಅಮ್ಮಾ’ ಎಂಬ ಕರೆ ಕೇಳಲು ಕಾಯುತ್ತಿರುವವರ ಭಯವಿದು, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಪುರಾವೆ ಇದರ ಎದುರು ದಿಕ್ಕಿನಲ್ಲಿದೆ. ಚಿತ್ರ, ಸನ್ನೆ, ಯಂತ್ರಗಳ ನೆರವಿನ ಸಂವಹನ ಮಾತಿನ ಮೇಲೆ ಏನು ಪರಿಣಾಮ ಬೀರುತ್ತದೆ ಎಂಬ ಬಗ್ಗೆ 2006ರಲ್ಲಿ ಪ್ರಕಟವಾದ ಪರಾಮರ್ಶೆಯೊಂದು, ಗಟ್ಟಿಯಾದ ಸಾಕ್ಷ್ಯ ಸಿಕ್ಕ 27 ಮಂದಿಯನ್ನು ಪರಿಶೀಲಿಸಿತು. ಒಬ್ಬರಲ್ಲೂ ಮಾತು ಕಡಿಮೆಯಾಗಲಿಲ್ಲ. ಶೇ 89ರಷ್ಟು ಮಂದಿಯಲ್ಲಿ ಹೆಚ್ಚಾಯಿತು, ಹೆಚ್ಚಿನವರಲ್ಲಿ ಏರಿಕೆ ಸಣ್ಣದೇ ಆಗಿದ್ದರೂ. ಮಾತು ಬರಲಿ ಎಂದು ಕಾಯುತ್ತ ಕಾರ್ಡನ್ನು ದೂರವಿಟ್ಟರೆ ಆ ವರ್ಷಗಳಷ್ಟೂ ಮಗು ತನ್ನ ಸಂಕಟವನ್ನು ಕಚ್ಚಿ, ಕಿರುಚಿಯೇ ಹೇಳಬೇಕಾಗುತ್ತದೆ.

ಎರಡನೆಯ ಆಕ್ಷೇಪ, ‘ಬೇಡ’ ಎನ್ನಲು ಕಲಿಸಿದರೆ ಊಟ, ಸ್ನಾನ, ಔಷಧಿ ಎಲ್ಲಕ್ಕೂ ಬೇಡ ಎನ್ನುತ್ತದಲ್ಲ ಎಂಬುದು. ಶುರುವಿನಲ್ಲಿ ಹೀಗಾಗುವುದು ಉಂಟು. ಹೊಸದಾಗಿ ಸಿಕ್ಕ ಮಾತಿಗೆ ಬಲವಿದೆಯೇ ಎಂದು ಮಗು ಪರೀಕ್ಷಿಸುತ್ತದೆ, ಸಾಧ್ಯವಾದಷ್ಟು ಸಲ ಆ ಮಾತು ನಡೆಯಬೇಕು. ನಂಬಿಕೆ ಕುದುರಿದ ಮೇಲೆ ಗಡಿ ಹಾಕುತ್ತ ಹೋಗಬಹುದು: ‘ಇನ್ನೆರಡು ಲೆಕ್ಕ, ಆಮೇಲೆ ಸಾಕು.’ ಔಷಧಿಯನ್ನು ಬಿಡುವಂತಿಲ್ಲ, ಆದರೆ ಚಮಚದಲ್ಲೋ ಲೋಟದಲ್ಲೋ, ಈಗಲೋ ಐದು ನಿಮಿಷ ಬಿಟ್ಟೋ ಎಂಬ ಆಯ್ಕೆ ಕೊಡಬಹುದು. ‘ಬೇಡ ಅಂದೆ, ಕೇಳಿಸಿತು. ಆದರೂ ಇದು ಬೇಕು’ ಎಂಬ ಉತ್ತರಕ್ಕೂ, ಕೇಳಿಸಿಕೊಳ್ಳದೆ ಬಾಯಿಗೆ ತುರುಕುವುದಕ್ಕೂ ಇರುವ ಅಂತರ ಮಗುವಿಗೆ ತಿಳಿಯುತ್ತದೆ. ಶಿಸ್ತು ಇದರಿಂದ ಕೆಡುವುದಿಲ್ಲ.

ಬರೀ ವಿಧೇಯತೆ ಕಲಿತ ಮಗುವಿಗೆ ಕಾದಿರುವ ಅಪಾಯ ಇದಕ್ಕಿಂತ ಬಹಳ ದೊಡ್ಡದು. 2012ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯ ಪ್ರಕಾರ, ಅಂಗವೈಕಲ್ಯವಿರುವ ಮಕ್ಕಳು ಹಿಂಸೆಗೆ ಒಳಗಾಗುವ ಸಾಧ್ಯತೆ ಉಳಿದ ಮಕ್ಕಳಿಗಿಂತ 3.7 ಪಟ್ಟು ಹೆಚ್ಚು. ಮಾನಸಿಕ ಅಥವಾ ಬೌದ್ಧಿಕ ತೊಂದರೆ ಇರುವ ಮಕ್ಕಳಿಗೆ ಲೈಂಗಿಕ ದೌರ್ಜನ್ಯದ ಅಪಾಯ 4.6 ಪಟ್ಟು. ಯಾರು ಏನು ಹೇಳಿದರೂ ಮಾಡಬೇಕು, ಯಾರು ಮುಟ್ಟಿದರೂ ಸುಮ್ಮನಿರಬೇಕು ಎಂದು ವರ್ಷಗಟ್ಟಲೆ ಪಳಗಿಸಿದ ಮಗು ಆ ಗಳಿಗೆಯಲ್ಲಿ ಹೇಗೆ ತಡೆದೀತು? ಇಂಥ ಮಗುವಿನ ಹೇಳಿಕೆ ಪಡೆಯುವಾಗ ವಿಶೇಷ ಶಿಕ್ಷಕರ ಅಥವಾ ಮಗುವಿನ ಸಂವಹನದ ರೀತಿ ಬಲ್ಲವರ ನೆರವು ಪಡೆಯಲು 2012ರ ಪೋಕ್ಸೊ ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಹೆದರಿಕೆ, ನೋವು, ‘ಬೇಡ ಅಂದೆ’ ಎಂಬುದನ್ನು ಹೇಳುವ ದಾರಿಯನ್ನೇ ಯಾರೂ ಕಲಿಸಿರದಿದ್ದರೆ ಆ ನೆರವಿಗೂ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ.

ತರಗತಿ ತುಂಬ ಮಕ್ಕಳಿರುವಾಗ ಇದಕ್ಕೆಲ್ಲ ಪುರಸೊತ್ತು ಎಲ್ಲಿದೆ ಎಂದು ಶಿಕ್ಷಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಬೆಂಚಿಗೆ ಅಂಟಿಸಿದ ‘ಸಾಕು’ ಕಾರ್ಡನ್ನು ಗಮನಿಸಲು ಬೇಕಾಗುವುದು ಕ್ಷಣಕಾಲ, ಅದಿಲ್ಲದೆ ಎದ್ದ ರಂಪ ಇಡೀ ಪಿರಿಯಡ್ಡನ್ನು ನುಂಗುತ್ತದೆ. ಆದರೂ ಹೊರೆಯನ್ನೆಲ್ಲ ಅವರೊಬ್ಬರ ತಲೆಗೆ ಕಟ್ಟುವುದು ತಪ್ಪು. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ, ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು ಎಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ‘ಸಂವಹನ’ ಎಂಬ ಪದದ ವ್ಯಾಖ್ಯೆಯಲ್ಲೇ ಸಂಜ್ಞೆ, ದೃಶ್ಯರೂಪ, ಸರಳ ಭಾಷೆ, ಮಾತಿಗೆ ಪೂರಕವಾದ ಹಾಗೂ ಪರ್ಯಾಯವಾದ ವಿಧಾನಗಳನ್ನು ಸೇರಿಸಿದೆ. ನಮ್ಮ ರಾಜ್ಯದಲ್ಲಿ ಬ್ಲಾಕ್ ಮಟ್ಟದ ಸಂಪನ್ಮೂಲ ಶಿಕ್ಷಕರಿದ್ದಾರೆ, ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇವೆ. ಅಲ್ಲಿನ ತಿಳಿವಳಿಕೆ ಹಳ್ಳಿಯ ಶಾಲೆಗೂ ಅಂಗನವಾಡಿಗೂ ಇಳಿದು ಬರಬೇಕು. ಪ್ರತಿ ಮಗುವಿನ ಕಲಿಕಾ ಯೋಜನೆಯ ಮೊದಲ ಸಾಲಿನಲ್ಲಿ, ಬಣ್ಣ ಮತ್ತು ಅಂಕಿಗಳಿಗಿಂತ ಮುಂಚೆ, ಆ ನಾಲ್ಕು ಮಾತುಗಳು ಇರಬೇಕು. ಕನ್ನಡವಾಗಲಿ, ತುಳುವಾಗಲಿ, ಉರ್ದುವಾಗಲಿ, ಲಂಬಾಣಿಯಾಗಲಿ, ಅವು ಮನೆಮಾತಿನಲ್ಲಿರಬೇಕು. ಮಗು ಮೊದಲ ಸಲ ಪುಸ್ತಕ ಎಸೆಯುವ ಬದಲು ‘ಸಾಕು’ ಕಾರ್ಡನ್ನು ಮುಂದೆ ಚಾಚಿದಾಗ, ಕೈಯಲ್ಲಿರುವ ಕೆಲಸ ಅರ್ಧಕ್ಕೇ ನಿಂತರೂ ಪುಸ್ತಕ ಮುಚ್ಚುವವರು ಎದುರಿಗಿರಬೇಕು.