ಪರಿಚಯದ ಚೀಟಿಯಲ್ಲಿ ಹೆಸರಿನ ಸ್ಥಾನ

ಜಾಲಪುಟಗಳಲ್ಲಿ ಒಬ್ಬರ ಭಾವಚಿತ್ರ, ಹೆಸರು, ಉದ್ಯೋಗ, ಎರಡು ಸಾಲಿನ ಪರಿಚಯ ಇಷ್ಟನ್ನೂ ಸಣ್ಣದೊಂದು ಚೌಕಟ್ಟಿನಲ್ಲಿ ಒಪ್ಪವಾಗಿ ಇಟ್ಟಿರುವುದನ್ನು ವಾಚಕರು ಕಂಡೇ ಇರುವರು. ಇದಕ್ಕೆ ಪ್ರೊಫೈಲ್ ಕಾರ್ಡ್ ಎಂದು ಹೆಸರು. ಜಾಲಪುಟ ಕಟ್ಟುವ ವಿದ್ಯೆಯನ್ನು ಕಲಿಯತೊಡಗಿದ ಮಕ್ಕಳು ಮೊದಮೊದಲು ಮಾಡುವ ಕೆಲಸಗಳಲ್ಲಿ ಇದೂ ಒಂದು. ಕೆಲಸವೇನೋ ಚಿಕ್ಕದು, ಆದರೆ ಇದರಲ್ಲಿ ಎಡವದವರು ವಿರಳ.

ಇದಕ್ಕೆ ಮುಖ್ಯವಾಗಿ ಎರಡು ಸಾಧನಗಳುಂಟು. ಪುಟದಲ್ಲಿ ಏನೇನಿರಬೇಕೆಂಬುದನ್ನು ಹೇಳುವುದು ಎಚ್‌ಟಿಎಂಎಲ್. ಅದು ಹೇಗೆ ಕಾಣಬೇಕೆಂಬುದನ್ನು ಹೇಳುವುದು ಸಿಎಸ್‌ಎಸ್. ಈ ಎರಡನೆಯದರ ಮೊದಲ ಅಧಿಕೃತ ರೂಪವು 1996ರಲ್ಲಿ ಹೊರಬಂದಿತು. ಮೊದಲು ಸಾಮಗ್ರಿಯನ್ನು ಕ್ರಮವಾಗಿ ಬರೆದು, ಆಮೇಲೆ ಅಲಂಕಾರಕ್ಕೆ ಕೈಹಾಕುವುದು ಜಾಣತನ. ಅನೇಕರು ಹಾಗೆ ಮಾಡದೆ, ಅಂದವಾದ ಪೆಟ್ಟಿಗೆಯೊಂದನ್ನು ಮೊದಲೇ ಅಳೆದಿಟ್ಟು, ಅದರೊಳಕ್ಕೆ ಮನುಷ್ಯನನ್ನು ತುರುಕುವರು.

ಅದರ ಫಲವೇನು? ರವಿ ಎಂಬ ಹೆಸರಿಗೆ ಸರಿಹೋದ ಪೆಟ್ಟಿಗೆಯಲ್ಲಿ ವೆಂಕಟಸುಬ್ಬಲಕ್ಷ್ಮಮ್ಮನವರ ಹೆಸರು ಹಿಡಿಸದು. ಎತ್ತರವನ್ನು ಇಂಗ್ಲಿಷ್ ಲಿಪಿಗೆ ತಕ್ಕಂತೆ ಬಿಗಿದು, ಹೊರಚಾಚಿದುದನ್ನು ಮರೆಮಾಡಿದರೆ ನಮ್ಮ ಒತ್ತಕ್ಷರಗಳ ಕಾಲು ಕತ್ತರಿಸಿಹೋಗುವುದು. ಭಾವಚಿತ್ರವಿಲ್ಲದವರ ಹೆಸರಿನ ಮೊದಲಕ್ಷರವನ್ನು ವೃತ್ತದೊಳಗಿಡುವ ಪದ್ಧತಿಯುಂಟಷ್ಟೆ. ‘ಶ್ರೀ’ ಎಂಬುದು ನಮಗೆ ಒಂದೇ ಅಕ್ಷರ. ಗಣಕಯಂತ್ರವಾದರೋ ಅದನ್ನು ನಾಲ್ಕು ಸಂಕೇತಗಳಾಗಿ ಇಟ್ಟುಕೊಂಡಿರುವುದು. ಅವುಗಳಲ್ಲಿ ಮೊದಲನೆಯದನ್ನು ಮಾತ್ರ ತೆಗೆದರೆ ಶ್ರೀನಿವಾಸರಾಯರು ಬರಿಯ ‘ಶ’ ಆಗಿ ಉಳಿಯುವರು!

ಪರಿಹಾರವು ಕಷ್ಟವಾದುದಲ್ಲ. ಪೆಟ್ಟಿಗೆಗೆ ಕಟ್ಟಾದ ಎತ್ತರವನ್ನು ವಿಧಿಸದೆ, ಕನಿಷ್ಠ ಎತ್ತರವನ್ನಷ್ಟೇ ಹೇಳಿದರೆ ಹೆಸರು ಬೆಳೆದಂತೆ ಅದೂ ಬೆಳೆಯುವುದು. ಸಾಲುಗಳ ನಡುವೆ ಧಾರಾಳವಾಗಿ ಎಡೆ ಬಿಡಬೇಕು. ಉದ್ದವಾದ ಹೆಸರು ಕೆಳಸಾಲಿಗೆ ಇಳಿಯಲು ಅಪ್ಪಣೆಯಿರಬೇಕು. ಹೆಸರನ್ನು ಚಿತ್ರದೊಳಗೆ ಕೊರೆಯದೆ ಅಕ್ಷರವಾಗಿಯೇ ಇಟ್ಟು, ಪುಟದ ಭಾಷೆ ಕನ್ನಡವೆಂದು ಗುರುತು ಮಾಡತಕ್ಕದ್ದು. ಹಾಗಿದ್ದಲ್ಲಿ ಕಣ್ಣು ಕಾಣದವರಿಗೆ ಪುಟವನ್ನು ಓದಿಹೇಳುವ ತಂತ್ರಾಂಶವು ಹೆಸರನ್ನು ಕನ್ನಡದ ಉಚ್ಚಾರಣೆಯಲ್ಲಿಯೇ ಓದಲು ಅನುಕೂಲವಾಗುವುದು.

ಮನೆಯಲ್ಲಿ ಈ ವಿದ್ಯೆಯನ್ನು ಕಲಿಯುವ ಮಕ್ಕಳಿದ್ದರೆ, ಅವರು ಮಾಡಿದ ಕಾರ್ಡಿನಲ್ಲಿ ಅಜ್ಜಿಯ ಪೂರ್ಣ ಹೆಸರನ್ನು ಕನ್ನಡದಲ್ಲಿ ಬರೆದು, ಕೈಫೋನಿನಲ್ಲಿ ತೋರಿಸಹೇಳಿರಿ. ಒಂದು ಒತ್ತೂ ಕಳೆಯದೆ ಹೆಸರು ನಿಂತರೆ ಕೆಲಸ ಸರಿಯಾಯಿತೆಂದು ತಿಳಿಯಬಹುದು. ನಿಲ್ಲದಿದ್ದರೆ, ಹೆಸರನ್ನು ಮೊಟಕುಮಾಡಗೊಡಿಸಬೇಡಿರಿ, ಪೆಟ್ಟಿಗೆಯನ್ನೇ ತಿದ್ದಿಸಿರಿ. ಪರಿಚಯ ಮಾಡಿಕೊಡುವವನು ಹೆಸರನ್ನೇ ಕೆಡಿಸಿದರೆ, ಅದು ಪರಿಚಯವೆನಿಸೀತೆ?