ಸರ್ಟಿಫಿಕೇಟ್ ಕೊಳ್ಳುವ ಮೊದಲು ಪಾಸ್‌ಪೋರ್ಟ್ ನೋಡಿಕೊಳ್ಳಿ

ಹಿಂಜವಡಿ, ವಾಕಡ್ ಕಡೆಯ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೊದಲೆಲ್ಲ ಬರುತ್ತಿದ್ದದ್ದು ಹುಬ್ಬಳ್ಳಿ ಬಸ್ಸಿನ ಟಿಕೆಟ್, ಬಾಡಿಗೆ ಮನೆ, ಒಳ್ಳೆಯ ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ ಎಂಬ ವಿಚಾರಣೆ. ಐಟಿ ಕಂಪನಿಗಳಲ್ಲಿ ಕೆಲಸ ಕಳೆದುಕೊಳ್ಳುವ ಸುದ್ದಿ ಹೆಚ್ಚಾದ ಮೇಲೆ ಇನ್ನೊಂದು ಬಗೆಯ ಲಿಂಕ್ ಸುತ್ತತೊಡಗಿದೆ: 120 ಗಂಟೆಗಳ ಆನ್‌ಲೈನ್ ಟೆಫಲ್ ಕೋರ್ಸ್, ಭಾರಿ ರಿಯಾಯಿತಿ, ಇವತ್ತು ರಾತ್ರಿ ಹನ್ನೆರಡರವರೆಗೆ ಮಾತ್ರ. ಇಂಗ್ಲಿಷ್ ಕಲಿಸುತ್ತ ಜಗತ್ತು ಸುತ್ತಿ! ಮರುದಿನ ನೋಡಿದರೂ ಅದೇ ರಿಯಾಯಿತಿ, ಅದೇ ಹನ್ನೆರಡು ಗಂಟೆ.

ನಗುವ ಅಧಿಕಾರ ನನಗಿಲ್ಲ, ನಮ್ಮ ಮನೆಯಲ್ಲೇ ಅಂಥದೊಂದನ್ನು ಕೊಂಡಿದ್ದೇವೆ. ನನ್ನ ಹೆಂಡತಿ ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಮಾಡಿ, ಒಂದು ಪಿಯು ಕಾಲೇಜಿನಲ್ಲಿ ನಾಲ್ಕು ವರ್ಷ ಪಾಠ ಹೇಳಿದವಳು. ನನ್ನ ಕೆಲಸಕ್ಕಾಗಿ ಪುಣೆಗೆ ಬಂದ ಮೇಲೆ ಅವಳ ಕೆಲಸ ನಿಂತಿತು. ಆ ಕೋರ್ಸಿಗೆ ಕೆಲವು ಸಾವಿರ ಕಟ್ಟಿದೆವು. ನಾಲ್ಕೇ ದಿನಕ್ಕೆ ಮುಗಿಯಿತು, ಚಿನ್ನದ ಬಣ್ಣದ ಮುದ್ರೆಯಿರುವ ಪಿಡಿಎಫ್ ಬಂತು. ಕುತೂಹಲಕ್ಕೆ ಅದರ ಅಂತಿಮ ಪರೀಕ್ಷೆಯ ಅಭ್ಯಾಸ ಪ್ರಶ್ನೆಗಳನ್ನು ಒಂದು ಭಾನುವಾರ ನಾನು ಬಿಡಿಸಿದೆ. ಹುಟ್ಟಿದಾಗಿನಿಂದ ಒಂದು ತರಗತಿಯನ್ನೂ ತೆಗೆದುಕೊಳ್ಳದ, ಕಂಪ್ಯೂಟರ್ ಸೈನ್ಸ್ ಎಂ.ಟೆಕ್‌ನವನಾದ ನನಗೆ ನೂರಕ್ಕೆ ತೊಂಬತ್ತು! ಅವಳು ಆ ಪಿಡಿಎಫ್ ಹಚ್ಚಿ ಕಳಿಸಿದ ಅರ್ಜಿಗಳಲ್ಲಿ ಬಹುಪಾಲಿಗೆ ಉತ್ತರವೇ ಬರಲಿಲ್ಲ. ಬಂದ ಒಂದೆರಡರಲ್ಲಿ ಕೇಳಿದ್ದು ಒಂದೇ ಪ್ರಶ್ನೆ, ನಿಮ್ಮ ಪಾಸ್‌ಪೋರ್ಟ್ ಯಾವ ದೇಶದ್ದು?

ಇಲ್ಲಿಂದಲೇ ನಾವು ಶುರು ಮಾಡಬೇಕಿತ್ತು. ಟೆಫಲ್ ಎನ್ನುವುದು ಬಿ.ಎ., ಬಿ.ಎಡ್.ಗಳಂತೆ ಒಂದು ಪದವಿಯ ಹೆಸರಲ್ಲ. ಇಂಗ್ಲಿಷನ್ನು ಪರಭಾಷೆಯಾಗಿ ಕಲಿಸುವ ಕೆಲಸಕ್ಕಿರುವ ಸಂಕ್ಷಿಪ್ತ ಹೆಸರು, ಅಷ್ಟೇ. ಅದಕ್ಕೆ ಜಗತ್ತಿಗೆಲ್ಲ ಒಂದು ಪ್ರಾಧಿಕಾರವಿಲ್ಲ, ಯಾರು ಬೇಕಾದರೂ ಸರ್ಟಿಫಿಕೇಟ್ ಅಚ್ಚು ಹಾಕಬಹುದು. ‘ಅಂತರರಾಷ್ಟ್ರೀಯ ಮಾನ್ಯತೆ’ ಎಂಬ ಮಾತಿನ ಹಿಂದೆ ಮಾನ್ಯತೆ ಕೊಟ್ಟವರು ಯಾರು, ಅವರಿಗೆ ಆ ಅಧಿಕಾರ ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ. ಬ್ರಿಟನ್ನಿನ ಅರ್ಹತಾಪತ್ರ ಎಂದು ಹೇಳಿಕೊಂಡರೆ ಅಲ್ಲಿನ ನಿಯಂತ್ರಕ ಸಂಸ್ಥೆ ಆಫ್‌ಕ್ವಾಲ್‌ನ ರಿಜಿಸ್ಟರಿನಲ್ಲಿ ಹುಡುಕಬಹುದು. ಅದು ಸಾರ್ವಜನಿಕ, ಎರಡು ನಿಮಿಷದ ಕೆಲಸ. ಕೋಡ್ ರಿವ್ಯೂನಲ್ಲಿ ಪರರ ಒಂದೊಂದು ಸಾಲನ್ನೂ ಅನುಮಾನಿಸುವ ನಾವು ಇಲ್ಲಿ ಮಾತ್ರ ಕಣ್ಣುಮುಚ್ಚಿ ಯುಪಿಐ ಒತ್ತುತ್ತೇವೆ.

ಹಾಗಾದರೆ ಬೆಲೆಯುಳ್ಳದ್ದು ಯಾವುದು? ಹೆಚ್ಚಿನ ಭಾಷಾ ಶಾಲೆಗಳು ಎರಡು ಹೆಸರು ಹೇಳುತ್ತವೆ: ಕೇಂಬ್ರಿಡ್ಜ್‌ನ ಸೆಲ್ಟಾ, ಲಂಡನ್ನಿನ ಟ್ರಿನಿಟಿ ಕಾಲೇಜಿನ ಸರ್ಟ್ ಟೆಸಾಲ್. ಸೆಲ್ಟಾದ ಬೇರು 1962ರಲ್ಲಿ ಜಾನ್ ಹೇಕ್ರಾಫ್ಟ್ ಲಂಡನ್ನಿನ ಇಂಟರ್‌ನ್ಯಾಷನಲ್ ಹೌಸ್‌ನಲ್ಲಿ ಶುರು ಮಾಡಿದ ಪುಟ್ಟ ತರಬೇತಿಯಲ್ಲಿದೆ. ಅದರಲ್ಲೂ 120 ಗಂಟೆಯೇ. ಆದರೆ ಆ ಗಂಟೆಗಳು ತರಬೇತುದಾರರ ಜತೆಗಿನವು. ಅದರೊಳಗೆ ನಿಜವಾದ ಕಲಿಕಾರ್ಥಿಗಳ ಮುಂದೆ ನಿಂತು ಆರು ಗಂಟೆ ಪಾಠ ಮಾಡಬೇಕು. ಹಿಂದಿನ ಬೆಂಚಿನಲ್ಲಿ ಕೂತ ತರಬೇತುದಾರ ಪ್ರತಿ ಪಾಠವನ್ನೂ ಅಳೆಯುತ್ತಾನೆ. ನಾಲ್ಕು ಲಿಖಿತ ಅಸೈನ್‌ಮೆಂಟ್‌ಗಳಿವೆ, ಹೊರಗಿನ ಪರಿಶೀಲಕರಿದ್ದಾರೆ, ಫೇಲ್ ಆಗುವ ಸಾಧ್ಯತೆಯೂ ಇದೆ. ಟ್ರಿನಿಟಿಯದರಲ್ಲೂ ಆರು ಗಂಟೆಯ ಪಾಠ ಕಡ್ಡಾಯ.

ಟ್ರಿನಿಟಿಯಲ್ಲಿ ನನಗೆ ತುಂಬ ಹಿಡಿಸಿದ ಒಂದು ಭಾಗವಿದೆ. ಶಿಕ್ಷಕರಾಗುವವರು ತಮಗೆ ಗೊತ್ತೇ ಇಲ್ಲದ ಭಾಷೆಯೊಂದರ ಕೆಲವು ಪಾಠಗಳಿಗೆ ವಿದ್ಯಾರ್ಥಿಗಳಾಗಿ ಕೂತು, ಆ ಅನುಭವವನ್ನು ಬರೆದುಕೊಡಬೇಕು. ಪುಣೆಯ ಕನ್ನಡಿಗರಿಗೆ ಈ ಪಾಠ ಫೀಸಿಲ್ಲದೆ ಆಗಿರುತ್ತದೆ. ತರಕಾರಿ ಗಾಡಿಯ ಮುಂದೆ ನಿಂತು ಮರಾಠಿಯಲ್ಲಿ ಕಾಲು ಕಿಲೋ ಕೇಳಲು ತಡವರಿಸಿದ ಮೊದಲ ತಿಂಗಳು ನೆನಪಿದೆಯಲ್ಲ, ತರಗತಿಯಲ್ಲಿ ಕೂತವನ ಹೊಟ್ಟೆಯಲ್ಲಿ ಆಗುವುದು ಅದೇ.

ಈ ಕೋರ್ಸ್‌ಗಳು ಅಗ್ಗವಲ್ಲ. ಸೆಲ್ಟಾಗೆ ಲಕ್ಷ ರೂಪಾಯಿಗಿಂತ ಹೆಚ್ಚು ಎಂದೇ ಲೆಕ್ಕ ಹಾಕಿಕೊಳ್ಳಬೇಕು. ಪೂರ್ಣಾವಧಿಯಾದರೆ ನಾಲ್ಕೈದು ವಾರ ಬೇರೇನೂ ಮಾಡಲಾಗದು. ಆನ್‌ಲೈನ್‌ನಲ್ಲೂ ಈಗ ಸೆಲ್ಟಾ ಇದೆ, ಅಲ್ಲೂ ಪಾಠ ಮಾಡಿಯೇ ತೀರಬೇಕು. ಆನ್‌ಲೈನ್ ಎಂಬ ಕಾರಣಕ್ಕೆ ಕೋರ್ಸು ಕೆಟ್ಟದಲ್ಲ. ನಿಮ್ಮ ಪಾಠವನ್ನು ಯಾರೂ ನೋಡದ ಕೋರ್ಸು ಕೆಟ್ಟದ್ದು.

ಆದರೆ ಒಳ್ಳೆಯ ಸರ್ಟಿಫಿಕೇಟ್ ಕೂಡ ವೀಸಾ ಕೊಡಿಸುವುದಿಲ್ಲ. ದಕ್ಷಿಣ ಕೊರಿಯಾದ ಇ-2 ಶಿಕ್ಷಕ ವೀಸಾ ಸಾಮಾನ್ಯವಾಗಿ ಏಳು ದೇಶಗಳ ಪ್ರಜೆಗಳಿಗೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಭಾರತ-ಕೊರಿಯಾ ಆರ್ಥಿಕ ಒಪ್ಪಂದ 2010ರಲ್ಲಿ ಜಾರಿಗೆ ಬಂದಾಗ ನಮಗೂ ಒಂದು ಕಿರುಬಾಗಿಲು ತೆರೆಯಿತು. ಅದು ಸಹಾಯಕ ಶಿಕ್ಷಕರ ಹುದ್ದೆಗೆ, ಅದಕ್ಕೂ ಪದವಿಯ ಜತೆ ಶಿಕ್ಷಕ ಅರ್ಹತೆ ಬೇಕು. ಚೀನಾದಲ್ಲೂ ಇಂಗ್ಲಿಷ್ ಮಾತೃಭಾಷೆಯ ದೇಶಗಳವರಿಗೇ ಆದ್ಯತೆ. 2021ರ ಜುಲೈನಲ್ಲಿ ಅಲ್ಲಿನ ಸರ್ಕಾರ ಟ್ಯೂಷನ್ ಉದ್ಯಮಕ್ಕೆ ಕಡಿವಾಣ ಹಾಕಿದ ಮೇಲೆ, ಮನೆಯಲ್ಲೇ ಕೂತು ಚೀನೀ ಮಕ್ಕಳಿಗೆ ಕ್ಯಾಮೆರಾದಲ್ಲಿ ಪಾಠ ಹೇಳುವ ದೊಡ್ಡ ಮಾರುಕಟ್ಟೆಯೂ ಕುಸಿಯಿತು. ಜಾಹೀರಾತುಗಳು ಮಾತ್ರ ಇನ್ನೂ ಆ ಕಾಲದಲ್ಲೇ ಇವೆ.

ಇದರಲ್ಲಿ ಅನ್ಯಾಯವೂ ಇದೆ. ವ್ಯಾಕರಣವನ್ನು ಕಷ್ಟಪಟ್ಟು ಕಲಿತವರಿಗೆ ಅದು ಎಲ್ಲಿ ಚುಚ್ಚುತ್ತದೆ ಎಂಬುದು ಗೊತ್ತಿರುತ್ತದೆ. ಕನ್ನಡದಲ್ಲಿ ‘ಎ’, ‘ದ’ ಎಂಬ ಆರ್ಟಿಕಲ್‌ಗಳಿಲ್ಲ. ಅದನ್ನು ಹೈಸ್ಕೂಲಿನಲ್ಲಿ ಹೊಸದಾಗಿ ರೂಢಿಸಿಕೊಂಡವಳು, ಹುಟ್ಟಾ ಇಂಗ್ಲಿಷಿನವನಿಗಿಂತ ಚೆನ್ನಾಗಿ ಅದನ್ನು ವಿವರಿಸಬಲ್ಲಳು. ವೀಸಾ ಕಚೇರಿಯ ಫಾರ್ಮಿನಲ್ಲಿ ಅದಕ್ಕೆ ಕಾಲಂ ಇಲ್ಲ.

ಭಾರತೀಯ ಪಾಸ್‌ಪೋರ್ಟಿಗೆ ನಿಜವಾಗಿ ತೆರೆದಿರುವ ಬಾಗಿಲುಗಳು ಗಲ್ಫ್‌ನ ಭಾರತೀಯ ಪಠ್ಯಕ್ರಮದ ಶಾಲೆಗಳು, ಮಾಲ್ಡೀವ್ಸ್‌ನಂಥ ಕಡೆಯ ಶಾಲೆಗಳು. ಅಲ್ಲಿ ಮೊದಲು ಕೇಳುವುದು ಬಿ.ಎಡ್., ಟೆಫಲ್ ಅಲ್ಲ. 2015ರಿಂದ ಬಿ.ಎಡ್. ಎರಡು ವರ್ಷದ ಕೋರ್ಸು. ಸ್ನಾತಕೋತ್ತರ ಪದವೀಧರರಿಗೆ ಅದನ್ನು ಮತ್ತೆ ಒಂದು ವರ್ಷಕ್ಕೆ ಇಳಿಸುವ ಕರಡು 2025ರಲ್ಲಿ ಬಂದಿದೆ. ಇನ್ನು ಕಲಿಸುವ ಕಲೆಯನ್ನೇ ಗಟ್ಟಿ ಮಾಡಿಕೊಳ್ಳಬೇಕೆಂದರೆ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯವಿದೆ. 1958ರಲ್ಲಿ ಶುರುವಾದ ಅದು ಇಂಗ್ಲಿಷ್ ಬೋಧನೆಯಲ್ಲೇ ಸ್ನಾತಕೋತ್ತರ ಸರ್ಟಿಫಿಕೇಟ್, ಡಿಪ್ಲೊಮಾಗಳನ್ನು ನಡೆಸಿಕೊಂಡು ಬಂದಿದೆ. ವಿದೇಶದಲ್ಲಿ ಅದರ ಹೆಸರು ಸೆಲ್ಟಾದಷ್ಟು ಓಡುವುದಿಲ್ಲ, ನಮ್ಮ ಕಾಲೇಜುಗಳಲ್ಲಿ ಅದಕ್ಕೆ ತೂಕವಿದೆ.

ಇನ್ನೊಂದು ವಿಷಯ, ನಮ್ಮಂಥ ಊರು ಬಿಟ್ಟವರಿಗೆ ಮುಖ್ಯವಾದದ್ದು. ವಿದೇಶಕ್ಕೆ ಪದವಿಪತ್ರ ಕಳಿಸುವಾಗ ವಿದೇಶಾಂಗ ಸಚಿವಾಲಯದ ಮುದ್ರೆಗೆ ಮುಂಚೆ, ಪದವಿ ಕೊಟ್ಟ ರಾಜ್ಯದ ದೃಢೀಕರಣ ಕೇಳುವುದು ರೂಢಿ. ಧಾರವಾಡದ ಪದವಿಗೆ ಪುಣೆಯಲ್ಲಿ ಓಡಾಡಿ ಪ್ರಯೋಜನವಿಲ್ಲ. ರಜೆಗೆ ಊರಿಗೆ ಹೋದಾಗಲೇ ಈ ಕೆಲಸ ಮುಗಿಸಿಕೊಳ್ಳಿ. ಕೋರ್ಸಿನ ಜತೆಗೆ ಕೆಲಸವನ್ನೂ ಕೊಡಿಸುತ್ತೇವೆ ಎನ್ನುವವರಿದ್ದರೆ ಇ-ಮೈಗ್ರೇಟ್ ಪೋರ್ಟಲಿನಲ್ಲಿ ಅವರ ನೋಂದಣಿ ನೋಡಿ. ನೋಂದಾಯಿತ ಏಜೆಂಟರು ಪಡೆಯಬಹುದಾದ ಸೇವಾಶುಲ್ಕಕ್ಕೆ 30,000 ರೂಪಾಯಿ ಮತ್ತು ಜಿಎಸ್‌ಟಿಯ ಮಿತಿಯಿದೆ. ಥಾಯ್ಲೆಂಡಿನಲ್ಲಿ ಕೆಲಸವೆಂದು ನಂಬಿಸಿ ಮ್ಯಾನ್ಮಾರ್‌ಗೆ ಸಾಗಿಸುತ್ತಿದ್ದ ಜಾಲದ ಬಗ್ಗೆ ಸಚಿವಾಲಯ 2022ರ ಸೆಪ್ಟೆಂಬರಿನಲ್ಲಿ ಎಚ್ಚರಿಸಿತ್ತು. ಅವರ ಗುರಿ ಅನಕ್ಷರಸ್ಥರಲ್ಲ, ಐಟಿ ಕಲಿತ ಹುಡುಗರು.

ನಾವು ಎಲ್ಲಿಗೆ ಬಂದು ನಿಂತೆವು? ಪುಣೆಗೆ ಯೆಮನ್, ಅಫ್ಘಾನಿಸ್ತಾನ, ಆಫ್ರಿಕಾದ ದೇಶಗಳಿಂದ ಓದಲು ಬರುವವರು ಬಹಳ. ಅವರಲ್ಲಿ ಎಷ್ಟೋ ಮಂದಿಗೆ ಮೊದಲು ಬೇಕಾದದ್ದು ಇಂಗ್ಲಿಷ್. ನಮ್ಮ ಕಟ್ಟಡದಲ್ಲೇ ಇರುವ ಇಬ್ಬರು ಯೆಮನಿ ಹುಡುಗರಿಗೆ ನನ್ನ ಹೆಂಡತಿ ಶನಿವಾರ ಪಾಠ ಹೇಳತೊಡಗಿದಳು. ಅರಬ್ಬಿಯಲ್ಲಿ ‘ಪ’ ಧ್ವನಿಯಿಲ್ಲದ್ದರಿಂದ ಅವರ ಪಾರ್ಕಿಂಗ್ ಬಾರ್ಕಿಂಗ್ ಆಗುತ್ತದೆ. ‘ದ’ಗೆ ಸಾಟಿಯಾದ ‘ಅಲ್’ ಅವರಲ್ಲಿದೆ, ‘ಎ’ಗೆ ಸಾಟಿಯಾದದ್ದಿಲ್ಲ. ಇದನ್ನು ಅವಳು ಕಂಡುಕೊಂಡದ್ದು ಎರಡನೇ ಶನಿವಾರ. ಆ ನಾಲ್ಕು ದಿನದ ಕೋರ್ಸಿನಲ್ಲಿ ಇದರ ಸುದ್ದಿಯೇ ಇರಲಿಲ್ಲ.

ಸೆಲ್ಟಾ ಸದ್ಯಕ್ಕೆ ಬೇಡ, ಮೊದಲು ಬಿ.ಎಡ್. ಎಂದು ಅವಳು ತೀರ್ಮಾನಿಸಿದ್ದಾಳೆ. ಎರಡು ವರ್ಷ ದೊಡ್ಡದು, ಮಗಳು ಇನ್ನೂ ಚಿಕ್ಕವಳು, ನನ್ನ ಕೆಲಸದ ಭರವಸೆಯೂ ಮೊದಲಿನಂತಿಲ್ಲ. ದೀಪಾವಳಿಗೆ ಊರಿಗೆ ಹೋಗುವಾಗ ಎಂ.ಎ. ಪದವಿಪತ್ರ, ಅಂಕಪಟ್ಟಿಗಳ ಮೂಲ ಪ್ರತಿಗಳು ಬ್ಯಾಗಿನಲ್ಲಿರುತ್ತವೆ. ಚಿನ್ನದ ಮುದ್ರೆಯ ಪಿಡಿಎಫ್ ಮಾತ್ರ ನನ್ನ ಲ್ಯಾಪ್‌ಟಾಪಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲೇ ಇದೆ.